ಗುಜರಿಗೆ ಹೋದ ಸೈಕಲ್ಲು

'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂಬ ಗಾದೆಯನ್ನು ನಾವೆಲ್ಲರೂ ಶಾಲೆಯಲ್ಲಿ ವಿಸ್ತರಿಸಿ ಬರೆದವರೇ. ಒಡೆದ ಗಡಿಗೆ ಮತ್ತೆ ಗಡಿಗೆಯಾಗದು. ಅಲ್ಲಿಗೆ ಗಾದೆಯ ಮಾತು ಮುಗಿಯಿತು. ಆದರೆ ಸೈಕಲ್ಲು ಗಡಿಗೆಯಲ್ಲ. ಅದು ಬಿಡಿ ಭಾಗಗಳನ್ನು ಒಂದಕ್ಕೊಂದು ಜೋಡಿಸಿ ಕಟ್ಟಿದ ವಸ್ತು. ಒಂದು ಭಾಗ ಕೆಟ್ಟರೆ ಆ ಒಂದನ್ನೇ ಬದಲಿಸಿ ಮತ್ತೆ ಓಡಿಸಬಹುದು. ಹೀಗಿದ್ದೂ ನಾವು ಸೈಕಲ್ಲನ್ನು ಒಡೆದ ಗಡಿಗೆಯಂತೆ ಎಸೆಯುತ್ತಿದ್ದೇವೆ. ಗದಗ-ಬೆಟಗೇರಿಯಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಾಗಲಿ ಗುಜರಿ ಅಂಗಡಿಗಳ ಮುಂದೆ ಹಾದುಹೋಗುವವರು ಒಮ್ಮೆ ನಿಂತು ನೋಡಬೇಕು. ತಗಡಿನ ಡಬ್ಬಿ, ಮುರಿದ ಕೊಡ, ತುಕ್ಕು ಹಿಡಿದ ತಂತಿಗಳ ರಾಶಿಯಿಂದ ಸೈಕಲ್ಲಿನ ಹ್ಯಾಂಡಲ್ಲುಗಳು ಎತ್ತಿನ ಕೊಂಬುಗಳಂತೆ ಮೇಲೆದ್ದು ಕಾಣುತ್ತವೆ. ಇವುಗಳಲ್ಲಿ ಬಹುಪಾಲು ಸತ್ತಿಲ್ಲವೆಂದೂ, ಇವನ್ನು ಎಬ್ಬಿಸಿ ನಡೆಸುವ ಕೆಲಸವನ್ನು ನಮ್ಮ ಕಾಲೇಜೇ ಕೈಕೊಳ್ಳಬೇಕೆಂದೂ ವಾದಿಸುವುದು ಈ ಲೇಖನದ ಉದ್ದೇಶ.

ಈ ಸೈಕಲ್ಲುಗಳು ಎಲ್ಲಿಂದ ಬಂದವೆಂಬುದನ್ನು ಮೊದಲು ತಿಳಿಯಬೇಕು. ಕರ್ನಾಟಕ ಸರಕಾರವು 2006-07ರಲ್ಲಿ ಎಂಟನೆಯ ಇಯತ್ತೆಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿತು. ಮೊದಲು ಹುಡುಗಿಯರಿಗೆ, ಅನಂತರ ಹುಡುಗರಿಗೂ ಅದು ದೊರೆಯಿತು. ವರ್ಷವರ್ಷವೂ ಲಕ್ಷಗಟ್ಟಲೆ ಸೈಕಲ್ಲುಗಳು ರಾಜ್ಯದ ಹಳ್ಳಿಗಳನ್ನು ಸೇರಿದವು. 2020ರಲ್ಲಿ ಕೋವಿಡ್ ಬಂದು ಶಾಲೆಗಳು ಮುಚ್ಚಿದಾಗ ಈ ಹಂಚಿಕೆ ಕಡಿದುಬಿತ್ತು. ಅಷ್ಟರಲ್ಲಿ ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ದನದ ಕೊಟ್ಟಿಗೆಯಲ್ಲಿ, ಹಿತ್ತಲಿನ ಗೋಡೆಗೆ, ಬಣವೆಯ ಮಗ್ಗುಲಿಗೆ ಒಂದೊಂದು ಸಾಲಿ ಸೈಕಲ್ಲು ಆನಿಸಿ ನಿಂತಿತ್ತು. ಎಂಟನೆಯ ಇಯತ್ತೆಗೆ ಬಂದ ಸೈಕಲ್ಲು ಹತ್ತನೆಯದು ಮುಗಿಯುವ ಹೊತ್ತಿಗೆ ತನ್ನ ನೌಕರಿಯಿಂದ ನಿವೃತ್ತವಾಗುತ್ತದೆ. ವಿಚಿತ್ರವೆಂದರೆ, ವಿದ್ಯಾರ್ಥಿಯ ಹಾದಿ ಉದ್ದವಾಗುವುದು ಆಗಲೇ. ಪ್ರೌಢಶಾಲೆ ಪಕ್ಕದೂರಿನಲ್ಲಿದ್ದರೆ ಕಾಲೇಜು ತಾಲೂಕಿನ ಊರಿನಲ್ಲಿರುತ್ತದೆ. ಸೈಕಲ್ಲು ನಿಜವಾಗಿ ಬೇಕಾದ ವರ್ಷವೇ ಅದು ಕೊಟ್ಟಿಗೆ ಸೇರಿ, ಮುಂದೊಂದು ದಿನ ಗುಜರಿಯವನ ಗಾಡಿಯನ್ನೇರುತ್ತದೆ.

ಗುಜರಿಯವನನ್ನು ನಾನು ದೂರುವುದಿಲ್ಲ. ಅವನು ಕೊಳ್ಳುವುದು ಕಬ್ಬಿಣವನ್ನು, ಸೈಕಲ್ಲನ್ನಲ್ಲ. ಒಬ್ಬ ವ್ಯಾಪಾರಿಯನ್ನು ಕೇಳಿದಾಗ ಆತ ಹೇಳಿದ ಮಾತು ನೆಟ್ಟಗಿತ್ತು: "ಇವು ಸಾಲಿ ಸೈಕಲ್ಲರೀ. ಓಡ್ತಾವೋ ಇಲ್ಲೋ ನನಗೇನ ಗೊತ್ತು? ನಮ್ಮ ತಕ್ಕಡಿಗೆ ಓಡೂದು, ನಿಲ್ಲೂದು ಎಲ್ಲಾ ಒಂದ ತೂಕರೀ." ಇಪ್ಪತ್ತು ಕಿಲೋದ ಆಸುಪಾಸಿನ ಈ ವಸ್ತುವಿನಲ್ಲಿ ಒಬ್ಬ ವಿದ್ಯಾರ್ಥಿಯ ಮೂರು ವರ್ಷದ ಹಾದಿ ಅಡಗಿದೆಯೆಂಬುದು ತಕ್ಕಡಿಗೆ ಕಾಣದು. ಕಾಣಬೇಕಾದದ್ದು ನಮಗೆ.

ಹಾಗಾದರೆ ಈ ಸೈಕಲ್ಲುಗಳಿಗೆ ಆಗಿರುವ ರೋಗವೇನು? ನಾನು ನೋಡಿದಮಟ್ಟಿಗೆ ಓಡಿ ಕೆಟ್ಟ ಸೈಕಲ್ಲುಗಳಿಗಿಂತ ನಿಂತು ಕೆಟ್ಟವೇ ಹೆಚ್ಚು. ನಮ್ಮ ಹೊಲದ ಹಾದಿಗಳಲ್ಲಿ ಬಳ್ಳಾರಿ ಜಾಲಿಯ ಮುಳ್ಳಿಗೆ ಬರವಿಲ್ಲ. ಒಂದು ಮುಳ್ಳು ಚುಚ್ಚಿ ಟ್ಯೂಬಿನ ಗಾಳಿ ಹೋಗುತ್ತದೆ. ಪಂಕ್ಚರ್ ತಿದ್ದುವ ಅಂಗಡಿ ಊರಲ್ಲಿಲ್ಲ. ಗಾಳಿಯಿಲ್ಲದ ಟಾಯರಿನ ಮೇಲೆ ಸೈಕಲ್ಲು ಬಿಸಿಲಲ್ಲಿ ನಿಲ್ಲುತ್ತದೆ. ರಿಮ್ಮಿನ ಒತ್ತಡಕ್ಕೆ ಟಾಯರು ಮಡಿಕೆಬಿದ್ದು ಸೀಳುತ್ತದೆ. ಮಳೆಗಾಲದಲ್ಲಿ ಚೈನು ತುಕ್ಕು ಹಿಡಿದು ಕಟ್ಟಿಗೆಯಂತಾಗುತ್ತದೆ. ಎರಿ ಮಣ್ಣಿನ ಕೆಸರು ಮಡಗಾರ್ಡಿನ ಒಳಗೆ ಮೆತ್ತಿ ಒಣಗಿ, ಗಾಲಿ ತಿರುಗದಂತೆ ಹಿಡಿಯುತ್ತದೆ. ಇಷ್ಟಾದ ಮೇಲೆ ಮನೆಯವರು 'ಸೈಕಲ್ಲು ಹಾಳಾಯಿತು' ಎನ್ನುತ್ತಾರೆ. ವಾಸ್ತವವಾಗಿ ಹಾಳಾದದ್ದು ರಬ್ಬರು. ಉಕ್ಕಿನ ಚೌಕಟ್ಟಿಗೆ ಏನೂ ಆಗಿರುವುದಿಲ್ಲ.

ಕಳೆದ ವರ್ಷ ನಾವು ನಾಲ್ವರು ಗೆಳೆಯರು ಗುಜರಿಯಿಂದ ಇಂಥ ಮೂರು ಸೈಕಲ್ಲುಗಳನ್ನು ತೂಕದ ಬೆಲೆಗೇ ಕೊಂಡು ತಂದೆವು. ಬೆಟಗೇರಿಯ ಒಬ್ಬ ಹಿರಿಯ ಸೈಕಲ್ ಮಿಸ್ತ್ರಿ ನಮಗೆ ಗುರುಗಳಾದರು. ಅವರು ಮೊದಲು ಹೇಳಿಕೊಟ್ಟದ್ದು ಪಾನಾ ಹಿಡಿಯುವುದನ್ನಲ್ಲ, ನೋಡುವುದನ್ನು. "ಮೊದಲ ಜೋಡ ನೋಡ್ರಿ ತಮ್ಮಾ, ಜೋಡದಾಗ ಸೀಳಿದ್ರ ಅದನ್ನ ಅಲ್ಲೇ ಬಿಡ್ರಿ" ಎಂದರು. ಅಂದರೆ ಚೌಕಟ್ಟಿನ ಕೊಳವೆಗಳು ಸೇರುವ ಕಡೆ ಬಿರುಕಿದ್ದರೆ, ಅಥವಾ ಮುಂದಿನ ಫೋರ್ಕು ಬಾಗಿದ್ದರೆ, ಆ ಸೈಕಲ್ಲನ್ನು ಮನುಷ್ಯರು ಹತ್ತಲು ಕೊಡಬಾರದು. ನಮ್ಮ ಮೂರರಲ್ಲಿ ಒಂದು ಈ ಪರೀಕ್ಷೆಯಲ್ಲಿ ಅನುತ್ತೀರ್ಣವಾಯಿತು. ಅದು ಉಳಿದೆರಡಕ್ಕೆ ತನ್ನ ಅಂಗಗಳನ್ನು ದಾನಮಾಡಿತು.

ಅನಂತರದ ಕೆಲಸ ತಾಳ್ಮೆಯದು. ತುಕ್ಕು ಹಿಡಿದ ನಟ್ಟುಗಳಿಗೆಲ್ಲ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಬೇಕು. ಅವಸರ ಮಾಡಿದರೆ ನಟ್ಟಿನ ಮೂಲೆ ಸವೆದು ಪಾನಾ ಜಾರುತ್ತದೆ. ಎಡಗಡೆಯ ಪೆಡಲು ಎಲ್ಲ ತಿರುಪುಗಳಂತಲ್ಲ, ಅದರ ಸುತ್ತು ತಿರುವುಮುರುವು. ತುಳಿಯುವಾಗ ತಾನಾಗಿ ಬಿಚ್ಚಿಕೊಳ್ಳಬಾರದೆಂದು ಹಾಗೆ ಮಾಡಿದ್ದಾರೆ. ಗಾಲಿಯ ನಡುವಿನ ಹಬ್ಬನ್ನು ಬಿಚ್ಚಿದರೆ ಒಣಗಿ ಕರಿದಾದ ಗ್ರೀಸಿನಲ್ಲಿ ಬೇರಿಂಗಿನ ಗುಂಡುಗಳು ಹುದುಗಿರುತ್ತವೆ. ಅವನ್ನು ತೊಳೆದು, ಸವೆದವನ್ನು ಬದಲಿಸಿ, ಹೊಸ ಗ್ರೀಸು ತುಂಬಿ ಮುಚ್ಚಿದರೆ ಗಾಲಿಗೆ ಹೊಸ ಪ್ರಾಯ ಬರುತ್ತದೆ. ಎಲ್ಲಕ್ಕಿಂತ ಕಠಿಣವಾದದ್ದು ಗಾಲಿಯ ಡೊಂಕು ತೆಗೆಯುವುದು. ನಮ್ಮ ದೊಡ್ಡ ಸೈಕಲ್ಲುಗಳ ಮುಂದಿನ ಗಾಲಿಗೆ 32, ಹಿಂದಿನದಕ್ಕೆ 40 ಕಡ್ಡಿಗಳಿರುವುದು ವಾಡಿಕೆ. ಬಲಕ್ಕೆ ವಾಲಿದ ಕಡೆ ಎಡದ ಕಡ್ಡಿಯನ್ನು ಬಿಗಿಮಾಡಿ ಬಲದ್ದನ್ನು ಸಡಿಲಿಸಬೇಕು. ಅದೂ ಅರ್ಧ ಸುತ್ತು, ಕಾಲು ಸುತ್ತು. ಒಂದು ಕಡ್ಡಿಯನ್ನು ಮುಟ್ಟಿದರೆ ಉಳಿದವೆಲ್ಲ ಮಾತಾಡುತ್ತವೆ. ಸಮಾಜಶಾಸ್ತ್ರದ ತರಗತಿಯಲ್ಲಿ ಪರಸ್ಪರಾವಲಂಬನ ಎಂದು ಬರೆದುಕೊಂಡದ್ದರ ಅರ್ಥ ನನಗೆ ಪೂರ್ತಿಯಾಗಿ ಆದದ್ದು ಅಲ್ಲಿ.

ನಾಲ್ಕು ಆದಿತ್ಯವಾರಗಳಲ್ಲಿ ಎರಡು ಸೈಕಲ್ಲುಗಳು ಎದ್ದವು. ಹೊಸದಾಗಿ ಕೊಂಡದ್ದು ಟಾಯರು, ಟ್ಯೂಬು, ಚೈನು, ಬ್ರೇಕಿನ ರಬ್ಬರು, ಕೆಲವು ಕಡ್ಡಿ ಮತ್ತು ಗುಂಡುಗಳು ಮಾತ್ರ. ನಮ್ಮ ದೇಶದ ಈ ಸಾದಾ ಸೈಕಲ್ಲಿನ ಅಳತೆಗಳು ಬಹಳ ದಶಕಗಳಿಂದ ಹೆಚ್ಚು ಬದಲಾಗಿಲ್ಲ; ಆದುದರಿಂದ ಒಂದು ಕಂಪನಿಯ ಗಾಲಿ ಇನ್ನೊಂದರ ಚೌಕಟ್ಟಿಗೆ ಸಾಮಾನ್ಯವಾಗಿ ಹೊಂದುತ್ತದೆ. 1951ರಲ್ಲಿ ಆರಂಭವಾದ ಅಟ್ಲಾಸ್ ಕಂಪನಿಯು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ತನ್ನ ಸಾಹಿಬಾಬಾದಿನ ಕಾರಖಾನೆಯಲ್ಲಿ ಕೆಲಸ ನಿಲ್ಲಿಸಿತು. ಆದರೂ ಆ ಹೆಸರಿನ ಹಳೆಯ ಸೈಕಲ್ಲುಗಳನ್ನು ಇಂದಿಗೂ ದುರಸ್ತಿಮಾಡಿ ಓಡಿಸಬಹುದು. ಮಾಡಿದವನ ಬಾಗಿಲು ಮುಚ್ಚಿದರೂ ಮಾಡಿದ ವಸ್ತು ಉಳಿಯುವಂತಿರುವುದು ಒಳ್ಳೆಯ ಕಸುಬಿನ ಲಕ್ಷಣ.

'ಎರಡು ಸೈಕಲ್ಲಿನಿಂದ ಯಾವ ರಾಜ್ಯ ಕಟ್ಟಿದಿರಿ?' ಎಂದು ಕೇಳುವವರುಂಟು. ಅವರಿಗೆ ನಾನು ಬೇರೆ ನಾಡಿನ ಎರಡು ಉದಾಹರಣೆಗಳನ್ನು ಕೊಡುತ್ತೇನೆ. ಬಿಹಾರ ಸರಕಾರವು 2006ರಲ್ಲಿ ಪ್ರೌಢಶಾಲೆಯ ಹುಡುಗಿಯರಿಗೆ ಸೈಕಲ್ಲಿನ ಯೋಜನೆಯನ್ನು ತಂದಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶೀತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದರ ಫಲವನ್ನು ಅಭ್ಯಸಿಸಿ 2017ರಲ್ಲಿ ಪ್ರಕಟಿಸಿದರು: ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ನೂರಕ್ಕೆ 32ರಷ್ಟು ಏರಿತ್ತು, ಈ ಏರಿಕೆ ಹೆಚ್ಚಾಗಿ ಕಂಡದ್ದು ಶಾಲೆಯಿಂದ 3 ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿ. ಇನ್ನು ತಮಿಳುನಾಡಿನ ಪುದುಕ್ಕೋಟೆ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಸಾವಿರಾರು ಹೆಣ್ಣುಮಕ್ಕಳು ಸೈಕಲ್ಲು ಕಲಿತರು. ಅಕ್ಷರ ಕಲಿಸಿದವರೇ ಸೈಕಲ್ಲನ್ನೂ ಕಲಿಸಿದರು. ಎರಡೂ ಒಂದೇ ವಿದ್ಯೆಯ ಎರಡು ಪಾಠಗಳೆಂದು ಅವರಿಗೆ ತಿಳಿದಿತ್ತು.

ನಮ್ಮ ಕಡೆಗೇ ಬರೋಣ. ಮುಂಡರಗಿ ತಾಲೂಕಿನ ತುಂಗಭದ್ರೆಯ ದಂಡೆಯ ಊರುಗಳಿಂದ, ಕಪ್ಪತಗುಡ್ಡದ ಸೆರಗಿನ ಹಳ್ಳಿಗಳಿಂದ, ಶಿರಹಟ್ಟಿ-ಲಕ್ಷ್ಮೇಶ್ವರಗಳ ಒಳನಾಡಿನಿಂದ ಬರುವ ಸಹಪಾಠಿಗಳನ್ನು ಕೇಳಿನೋಡಿರಿ. ಅವರ ಕಷ್ಟ ಗದಗಿನ ದೂರದ್ದಲ್ಲ. ಮನೆಯಿಂದ ಬಸ್ಸಿನ ಹಾದಿಯವರೆಗಿನ ಮೂರು ನಾಲ್ಕು ಕಿಲೋಮೀಟರಿನದು. 'ಈಗ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಲ್ಲವೆ, ಸೈಕಲ್ಲೇಕೆ?' ಎಂಬ ಆಕ್ಷೇಪಕ್ಕೂ ಇದೇ ಉತ್ತರ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಎಷ್ಟೋ ಹುಡುಗಿಯರ ಓದು ಉಳಿದಿದೆಯೆಂಬುದನ್ನು ನಾನು ಸಂತೋಷದಿಂದ ಒಪ್ಪುತ್ತೇನೆ. ಆದರೆ ಟಿಕೆಟ್ಟು ಪುಕ್ಕಟೆಯಾದರೂ ಬಸ್ಸು ಮನೆಯ ಬಾಗಿಲಿಗೆ ಬರುವುದಿಲ್ಲ. ಮುಂಜಾನೆಯ ಬಸ್ಸು ತಪ್ಪಿದರೆ ಮೊದಲ ಎರಡು ತಾಸುಗಳೂ ತಪ್ಪುತ್ತವೆ. ಸಂಜೆ ಹೊತ್ತಾದರೆ ಮನೆಯವರ ಎದೆ ಹಾರುತ್ತದೆ. ಹೀಗೆ ಹತ್ತು ಸಲವಾದರೆ 'ಸಾಕು, ಮನೆಯಲ್ಲೇ ಇರು' ಎಂಬ ತೀರ್ಪು ಬರುತ್ತದೆ. ಆ ಮೂರು ನಾಲ್ಕು ಕಿಲೋಮೀಟರಿಗೆ ಸೈಕಲ್ಲೊಂದು ಜೋಡಾದರೆ ಬಸ್ಸಿನ ಉಪಕಾರವೂ ಪೂರ್ಣವಾಗುತ್ತದೆ.

ಇನ್ನೊಂದು ಆಕ್ಷೇಪ ಮರ್ಯಾದೆಯದು. ಮೋಟಾರು ಸೈಕಲ್ಲಿನ ಮೇಲೆ ಬರುವ ಗೆಳೆಯನ ಎದುರು ಗುಜರಿಯ ಸೈಕಲ್ಲನ್ನು ತುಳಿದು ಬರಲು ನಾಚಿಕೆಯಾಗುತ್ತದೆಯೆಂದು ಹಲವರು ನನಗೆ ಹೇಳಿದ್ದಾರೆ. ಆಷಾಢದ ಗಾಳಿಗೆ ಎದುರಾಗಿ ಗದಗಿನ ರಸ್ತೆಯಲ್ಲಿ ಸೈಕಲ್ಲು ತುಳಿಯುವುದು ಕಷ್ಟವೆಂಬುದು ನಿಜ. ಅದರಲ್ಲಿ ನಾಚಿಕೆ ಎಲ್ಲಿಯದು? ಸಾಲದ ಕಂತು ಕಟ್ಟಲು ತಂದೆ ಹೊಲ ಬರೆದುಕೊಡಬೇಕಾದ ಮೋಟಾರು ಸೈಕಲ್ಲಿಗಿಂತ, ತನ್ನ ಕೈಯಿಂದಲೇ ಕಟ್ಟಿದ ಸೈಕಲ್ಲಿನ ಮೇಲೆ ಬರುವವನ ತಲೆ ಹೆಚ್ಚು ನೆಟ್ಟಗಿರಬೇಕು.

ಮೂರನೆಯ ಆಕ್ಷೇಪ ಗಂಭೀರವಾದದ್ದು: ಗುಜರಿಯಲ್ಲಿ ಕಳವಿನ ಸೈಕಲ್ಲೂ ಇರಬಹುದಲ್ಲವೆ? ಇರಬಹುದು. ಆದುದರಿಂದ ನಮ್ಮ ಖರೀದಿ ಗುಟ್ಟಿನದಾಗಬಾರದು. ಪ್ರತಿಯೊಂದು ಚೌಕಟ್ಟಿನ ಮೇಲೂ ಕಾರಖಾನೆಯ ಅಂಕಿ ಒತ್ತಿರುತ್ತದೆ. ಆ ಅಂಕಿಯನ್ನು, ಕೊಂಡ ದಿನವನ್ನು, ಕೊಟ್ಟವರ ರಸೀತಿಯನ್ನು ಒಂದು ವಹಿಯಲ್ಲಿ ಬರೆದಿಡಬೇಕು. ಅಂಕಿ ಉಜ್ಜಿಹೋದ ಸೈಕಲ್ಲನ್ನು ಮುಟ್ಟಲೇಬಾರದು. ಸಾಧ್ಯವಿದ್ದಷ್ಟು ಮಟ್ಟಿಗೆ ಗುಜರಿಗೆ ಹೋಗುವ ಮೊದಲೇ ಮನೆಗಳಿಂದಲೇ ದಾನವಾಗಿ ಪಡೆಯುವುದು ಇನ್ನೂ ಉತ್ತಮ.

ಮಿಸ್ತ್ರಿಗಳ ಹೊಟ್ಟೆಯ ಮೇಲೆ ಹೊಡೆಯಬೇಡಿರೆಂದು ಎಚ್ಚರಿಸುವವರೂ ಇದ್ದಾರೆ. ತಾಸಿನ ಬಾಡಿಗೆಗೆ ಸೈಕಲ್ಲು ಕೊಡುತ್ತಿದ್ದ ಅಂಗಡಿಗಳು ನಮ್ಮ ಊರುಗಳಿಂದ ಮಾಯವಾದವು. ಉಳಿದ ಕೆಲವೇ ಮಿಸ್ತ್ರಿಗಳ ಮಕ್ಕಳು ಮೋಟಾರು ಸೈಕಲ್ಲಿನ ದುರಸ್ತಿಗೆ ಹೋದರು. ಕೈಯ ವಿದ್ಯೆಯೊಂದು ನಮ್ಮ ಕಣ್ಣೆದುರಿಗೇ ಕಣ್ಮರೆಯಾಗುತ್ತಿದೆ. ಅವರನ್ನು ಕಾಲೇಜಿಗೆ ಕರೆಸಿ, ಗೌರವಧನ ಕೊಟ್ಟು, ಗುರುಗಳ ಸ್ಥಾನದಲ್ಲಿ ಕೂರಿಸಿದರೆ ಅವರಿಗೂ ಕೆಲಸ, ನಮಗೂ ವಿದ್ಯೆ.

ಪುಣೆಯಲ್ಲಿ ವಿಕ್ರಮ್ ಪೆಂಡ್ಸೆಯವರು ಹಳೆಯ ಸೈಕಲ್ಲುಗಳನ್ನು ಹುಡುಕಿ, ದುರಸ್ತಿಮಾಡಿ, ಒಂದು ವಸ್ತುಸಂಗ್ರಹಾಲಯವನ್ನೇ ಕಟ್ಟಿದ್ದಾರೆ. ಅದು ಮೆಚ್ಚತಕ್ಕ ಕೆಲಸ. ಆದರೆ ನಮಗೆ ಬೇಕಾದದ್ದು ಸಂಗ್ರಹಾಲಯವಲ್ಲ. ನಮ್ಮ ಸೈಕಲ್ಲುಗಳು ಹೊಳೆಯಬೇಕಾಗಿಲ್ಲ, ಓಡಬೇಕು.

ಇದಕ್ಕೆ ಬೇಕಾದುದು ಅಲ್ಪ. ಕಾಲೇಜಿನ ಹಿಂದೆ ಒಂದು ತಗಡಿನ ಚಪ್ಪರ, ಒಂದು ಜೊತೆ ಪಾನಾಗಳು, ಗಾಳಿಯ ಪಂಪು, ಕಡ್ಡಿ ಬಿಗಿಯುವ ಕೀಲಿ, ವಾರಕ್ಕೊಂದು ಮಧ್ಯಾಹ್ನ. ರಾಷ್ಟ್ರೀಯ ಸೇವಾ ಯೋಜನೆಯ ಘಟಕವು ಇದನ್ನು ವಹಿಸಿಕೊಳ್ಳಬಹುದು. ಎದ್ದ ಸೈಕಲ್ಲನ್ನು ಯಾರಿಗೂ ಮಾರಬಾರದು. ಗ್ರಂಥಾಲಯದ ಪುಸ್ತಕದಂತೆ ವರ್ಷದ ಮಟ್ಟಿಗೆ ಎರವಲು ಕೊಡಬೇಕು. ಬಸ್ಸಿನ ಹಾದಿಯಿಂದ ಯಾರ ಮನೆ ಹೆಚ್ಚು ದೂರವೋ ಅವರಿಗೆ ಮೊದಲ ಪಾಳಿ, ಅದರಲ್ಲಿಯೂ ಹುಡುಗಿಯರಿಗೆ. ತೆಗೆದುಕೊಂಡವರು ಪಂಕ್ಚರ್ ತಿದ್ದುವುದನ್ನೂ ಚೈನಿಗೆ ಎಣ್ಣೆ ಹಾಕುವುದನ್ನೂ ಕಲಿತಿರಲೇಬೇಕು. ಇಲ್ಲವಾದರೆ ಅದೇ ಸೈಕಲ್ಲು ಅದೇ ಮುಳ್ಳಿಗೆ ಸಿಕ್ಕಿ ಅದೇ ತಕ್ಕಡಿಗೆ ಮರಳುವುದು.

ಕೂಡಿ ಮಾಡುವ ಕೆಲಸ ನಮ್ಮ ಜಿಲ್ಲೆಗೆ ಹೊಸದಲ್ಲ. ಗದಗಿನ ಮಗ್ಗುಲಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು 1905ರಲ್ಲಿ ಸಹಕಾರಿ ಸಂಘವನ್ನು ಸ್ಥಾಪಿಸಿದಾಗ ಅವರ ಕೈಯಲ್ಲಿಯೂ ದೊಡ್ಡ ಬಂಡವಾಳವಿರಲಿಲ್ಲ. ಹಲವರ ಅಲ್ಪವನ್ನು ಒಂದೆಡೆ ಸೇರಿಸಿದರೆ ಒಬ್ಬನ ಕಷ್ಟ ಕಳೆಯುವುದೆಂಬ ನಂಬಿಕೆಯಿತ್ತು. ಆ ಊರಿನ ನೆರೆಯಲ್ಲಿ ಓದುತ್ತಿರುವ ನಮಗೆ ಒಂದು ಚಪ್ಪರ ಹಾಕಲು ಆಗದೆ?

ಪ್ರಾಚಾರ್ಯರಲ್ಲಿಯೂ ಗುರುವರ್ಯರಲ್ಲಿಯೂ ನನ್ನ ವಿನಂತಿ ಇಷ್ಟೇ: ಬರುವ ಜೂನ್ ತಿಂಗಳೊಳಗಾಗಿ ನಮಗೆ ಜಾಗವೊಂದನ್ನು ತೋರಿಸಬೇಕು. ವಿದ್ಯಾರ್ಥಿ ಬಾಂಧವರಲ್ಲಿ ವಿನಂತಿ: ಈ ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಕೊಟ್ಟಿಗೆಯ ಗೋಡೆಗೆ ಆನಿಸಿರುವ ಸೈಕಲ್ಲಿನ ಜೋಡಗಳನ್ನು ಒಮ್ಮೆ ಕೈಯಾಡಿಸಿ ನೋಡಿರಿ. ಸೀಳಿರದಿದ್ದರೆ ಗುಜರಿಯವನಿಗೆ ಕೊಡಬೇಡಿರಿ; ಕಾಲೇಜಿಗೆ ತನ್ನಿರಿ.