ಕಾಠಮಂಡುಕ್ಕ ಹೊಂಟ್ರ ಕಾರ್ಡ ನಿಮ್ಮ ಕೈಯಾಗಿರಲಿ

ಅಕ್ಕಾರ, ವಿಮಾನದಾಗ ಪಶುಪತಿನಾಥಗ ಹೊಂಟೀರಂದ್ರ ಛಲೋನ ಆತು. ಅಲ್ಲಿ ಪೂಜಿ ಮಾಡೂ ಭಟ್ರು ಸುದ್ದಾ ಭಾಳ ಮಂದಿ ನಮ್ಮ ಕರ್ನಾಟಕದ ಕಡೆಯವ್ರ. ಆದ್ರ ತಯಾರಿ ಅಂದ್ರ ಬರೇ ಕಡಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟೂದಲ್ಲ.

"ನೇಪಾಳಕ್ಕ ವೀಸಾ ಬ್ಯಾಡ, ಆಧಾರ ಸಾಕು" ಅಂತಾರ ಮನಿ ಗಂಡಸ್ರು. ವೀಸಾ ಬ್ಯಾಡ ಅನ್ನೂದು ಖರೆ. ಆದ್ರ ವಿಮಾನಕ್ಕ ಪಾಸ್‌ಪೋರ್ಟರ ಬೇಕು, ಇಲ್ಲಾ ಓಟಿನ ಕಾರ್ಡರ ಬೇಕು. ಆಧಾರ ನಡಿಯೂದು 15ರ ಒಳಗಿನ ಹುಡುಗರಿಗೆ, 65 ದಾಟಿದ ಹಿರ್ಯಾರಿಗೆ ಅಷ್ಟ. ನಡುವಿನ ನಾವೇನ ಮಾಡೂದು? ಆಧಾರ ತೋರಿಸಿ ಹುಬ್ಬಳ್ಳ್ಯಾಗ ಹತ್ತಬಹುದು. ದಿಲ್ಲ್ಯಾಗ ತಡದ್ರ ಯಾರನ್ನ ಕೇಳೂದು?

ನಮ್ಮ ಓಟಿನ ಕಾರ್ಡ ಎಲ್ಲೈತಿ? ಗಂಡನ ಟ್ರೆಜರಿಯಾಗ! ಪಾಸ್‌ಪೋರ್ಟ ಕೇಳಿದ್ರ "ನಿನಗ್ಯಾಕ?" ಅಂತಾರ. 1500 ರೂಪಾಯಿ ಕಟ್ಟಿದ್ರ 10 ವರ್ಷ ನಡೀತೈತಿ. ಒಂದು ರೇಷ್ಮಿ ಇಳಕಲ್ ಸೀರಿ ಅದಕ್ಕಿಂತ ತುಟ್ಟಿ. ಸೇವಾ ಕೇಂದ್ರ ಹುಬ್ಬಳ್ಳ್ಯಾಗೈತಿ. ಮದ್ವಿ ಆತಂತ ಹೆಸರು ಬದಲಿ ಮಾಡಬೇಕಂತೇನಿಲ್ಲ. ಟಿಕೀಟಿನ್ಯಾಗೂ ಕಾರ್ಡಿನ್ಯಾಗೂ ಹೆಸರು ಒಂದ ಇದ್ರಾತು.

ಟಿಕೀಟು ಯಾರರ ತಗೀಲಿ. ಕಾರ್ಡ ಮಾತ್ರ ನಿಮ್ಮ ಚೀಲದಾಗ ಇರಬೇಕು.