ಮಣ್ಣಿನ ಚೀಟಿಯಲ್ಲಿ ಜೀವಕ್ಕೆ ಕಾಲಂ ಇಲ್ಲ

ಆಚೆ ಪಾವಗಡ, ಈಚೆ ನಮ್ಮ ಮಡಕಶಿರಾ. ಅಲ್ಲಿಯವರ ಮಣ್ಣು ಆರೋಗ್ಯ ಚೀಟಿ ಕನ್ನಡದ್ದು, ನಮ್ಮದು ತೆಲುಗಿನದು. ಒಳಗಿನ ಲೆಕ್ಕ ಮಾತ್ರ ಒಂದೇ. 2015ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಈ ಯೋಜನೆಯಲ್ಲಿ ಸಾರಜನಕ, ರಂಜಕ, ಪೊಟ್ಯಾಷ್, ಸತು, ಸಾವಯವ ಇಂಗಾಲ ಸೇರಿ 12 ಅಂಶ ಅಳೆಯುತ್ತಾರೆ. ಮಣ್ಣಿನೊಳಗಿನ ಸೂಕ್ಷ್ಮಜೀವಿಗಳಿಗೆ ಅಲ್ಲಿ ಕಾಲಂ ಇಲ್ಲ.

ಕಡ್ಲೆಕಾಯಿಗೆ ತೆಲುಗಿನಲ್ಲಿ ವೇರುಶೆನಗ ಅಂತೀವಿ, ಅಂದರೆ ಬೇರಿನ ಕಡಲೆ. ಅದರ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಬ್ಯಾಕ್ಟೀರಿಯಾ ಕೂತು ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತದೆ. ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಬಿತ್ತಿದ 30ನೇ ದಿನದ ಸುಮಾರಿಗೆ ಗಿಡ ಕಿತ್ತು ಗಂಟು ಸೀಳಿ ನೋಡಿ. ಒಳಗೆ ಕೆಂಪಗಿದ್ದರೆ ಕೆಲಸ ನಡೆದಿದೆ, ಬೆಳ್ಳಗಿದ್ದರೆ ಇಲ್ಲ. ಯೂರಿಯಾ ಜಾಸ್ತಿಯಾದರೆ ಗಂಟೇ ಕಮ್ಮಿಯಾಗುತ್ತವೆ. ಡಿಎಪಿ ಅತಿಯಾದರೆ ಬೇರಿಗೆ ರಂಜಕ ತಂದುಕೊಡುವ ಶಿಲೀಂಧ್ರವೂ ದೂರವಾಗುತ್ತದೆ. ಪದೇ ಪದೇ ಉತ್ತರೆ ಅದರ ನೂಲಿನಂಥ ಎಳೆಗಳು ಹರಿಯುತ್ತವೆ.

ಇದಕ್ಕೂ ದೊಡ್ಡ ಏಟು ಬೋಳು ನೆಲದ್ದು ಎಂಬುದು ನನ್ನ ಅಭಿಪ್ರಾಯ. ಕಾಯಿ ಕಿತ್ತ ಮೇಲೆ ಮುಂದಿನ ಮುಂಗಾರಿನವರೆಗೆ ನಮ್ಮ ಕೆಂಪು ಹೊಲ ಆರೇಳು ತಿಂಗಳು ಒಣಗಿ ಬಿದ್ದಿರುತ್ತೆ. ತೇವವಿಲ್ಲ, ಬೇರಿಲ್ಲ, ತಿನ್ನಲು ಕಸವಿಲ್ಲ. ಎಷ್ಟೋ ಜೀವಿಗಳು ಸಾಯುತ್ತವೆ, ಉಳಿದವು ನಿದ್ದೆ ಹೋಗುತ್ತವೆ. ಮೊದಲ ಮಳೆಗೆ ಎದ್ದು, ಸುಲಭಕ್ಕೆ ಸಿಕ್ಕ ಇಂಗಾಲವನ್ನು ಕೆಲವೇ ದಿನಗಳಲ್ಲಿ ಉಂಡು ಗಾಳಿಗೆ ಬಿಡುತ್ತವೆ. ಅದನ್ನು ಮತ್ತೆ ತುಂಬಲು ಬೇರು ಇಲ್ಲದಿದ್ದರೆ ನೆಲದ ಕಸುವು ಇಳಿಯುತ್ತಲೇ ಹೋಗುತ್ತದೆ.

2024ರ ನವೆಂಬರ್ 25ರಂದು ಕೇಂದ್ರ ಸಂಪುಟ 2,481 ಕೋಟಿ ರೂಪಾಯಿಯ ನೈಸರ್ಗಿಕ ಕೃಷಿ ಅಭಿಯಾನಕ್ಕೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ 10,000 ಜೈವಿಕ ಪರಿಕರ ಕೇಂದ್ರಗಳ ಗುರಿಯಿದೆ. ಒಳ್ಳೆಯದೇ. ಆದರೆ ಕಾದ ನೆಲಕ್ಕೆ ಜೀವಾಮೃತ ಸುರಿಯೋದು ಅನ್ನ-ನೆರಳಿಲ್ಲದ ಕಡೆಗೆ ನೆಂಟರನ್ನು ಕರೆದ ಹಾಗೆ. ರೈಜೋಬಿಯಂ ಪೊಟ್ಟಣವೂ ಅಷ್ಟೇ, ತಗಡಿನ ಅಂಗಡಿಯಲ್ಲಿ ಕಾದರೆ ಒಳಗಿನ ಜೀವ ಹೋಗುತ್ತೆ. ವ್ಯಾಪಾರಸ್ಥರು ತಂಪಿನಲ್ಲಿಡಬೇಕು, ರೈತರು ಬೀಜಕ್ಕೆ ಔಷಧಿ ಮೊದಲು, ರೈಜೋಬಿಯಂ ಕೊನೆಗೆ ಲೇಪಿಸಬೇಕು.

ಆಂಧ್ರದ ಪ್ರಕೃತಿ ವ್ಯವಸಾಯ ಕಾರ್ಯಕ್ರಮ ಮುಂಗಾರಿಗೆ ಮುಂಚೆಯೇ ನವಧಾನ್ಯಗಳ ಒಣಬಿತ್ತನೆ ಮಾಡಿ ನೆಲ ಮುಚ್ಚಿ ಎನ್ನುತ್ತದೆ. ದಾರಿ ಸರಿ, ತೊಡಕು ಬೇರೆ ಕಡೆ ಇದೆ. ಬೇಸಿಗೆಯಲ್ಲಿ ಊರ ಹೊಲಗಳೆಲ್ಲ ಬಯಲು ಮೇವು. ಒಬ್ಬನ ಹಸಿರು ಉಳಿದೀತೇ? ಹಾಗಂತ ಕುರಿಗಾರರನ್ನು ದೂರುವಂತಿಲ್ಲ. ಹೊಲದಲ್ಲಿ ಮಂದೆ ತರುಬಿದರೆ ಸಿಗುವ ಗೊಬ್ಬರವೇ ಮಣ್ಣಿನ ಜೀವಿಗಳಿಗೆ ಅನ್ನ.

ಆದ್ದರಿಂದ ಯಾವ ಬಯಲು ಮೇವಿಗೆ, ಯಾವುದು ಹಸಿರಿಗೆ, ಯಾವ ತಿಂಗಳು ಎಂಬುದನ್ನು ಕುರಿಗಾರರನ್ನೂ ಕೂರಿಸಿಕೊಂಡು ಗ್ರಾಮಸಭೆಯಲ್ಲೇ ತೀರ್ಮಾನಿಸಬೇಕು. ಕುರಿಗೆ ರಾಜ್ಯದ ಗಡಿ ಗೊತ್ತಿಲ್ಲ. ಪಾವಗಡ ಕಡೆಯ ಪಂಚಾಯ್ತಿಗಳೂ ನಮ್ಮವೂ ಬೇಸಿಗೆಗೆ ಮೊದಲೇ ಒಟ್ಟಿಗೆ ಕೂತರೆ ಸರ್ಕಾರದ ದುಡ್ಡಿಗೂ ಅರ್ಥ ಬಂದೀತು.