ಜಗಲಿ ಮಾತು: ಕೆಲಸ ‘ಹೋಯಿತು’ ಅಂದರೆ ಎಲ್ಲಿಗೆ?

ರಾಜ್ಯೋತ್ಸವದ ನಾಟಕದ ತಾಲೀಮು, ಊಟದ ಪಟ್ಟಿ, ಸಭಾಂಗಣದ ಬಾಡಿಗೆ ಇವುಗಳ ನಡುವೆ ಈ ಸಲದ ಜಗಲಿ ಮಾತು ಒಂದು ವಾರ ತಡವಾಯಿತು. ವಿಷಯವೂ ಸಲೀಸಾಗಿ ಕೈಗೆ ಬರುವಂಥದ್ದಾಗಿರಲಿಲ್ಲ.

ಹೋದ ತಿಂಗಳು ನಮ್ಮ ಮೂರನೇ ಹಂತದ ತರಗತಿಯಲ್ಲಿ ಕರ್ತೃ, ಕರ್ಮ, ಕ್ರಿಯಾಪದದ ಪಾಠ ನಡೆಯುತ್ತಿತ್ತು. ಸ್ವಂತ ವಾಕ್ಯ ಬರೆಯಿರಿ ಅಂದಿದ್ದೆ. ಹೆಚ್ಚಿನವರು ಎಂದಿನಂತೆ “ರಾಮನು ಹಣ್ಣನ್ನು ತಿಂದನು” ಅನ್ನುವ ಜಾತಿಯ ವಾಕ್ಯಗಳನ್ನೇ ಬರೆದರು. ಏಳನೇ ಗ್ರೇಡಿನ ಒಬ್ಬಳು ಮಾತ್ರ “ನನ್ನ ಗೆಳತಿಯ ಅಪ್ಪನ ಕೆಲಸ ಹೋಯಿತು” ಅಂತ ಬರೆದಿದ್ದಳು. ತಪ್ಪಿಲ್ಲದ ವಾಕ್ಯ, ರೈಟ್ ಹಾಕಿದೆ. ಪುಸ್ತಕ ವಾಪಸ್ ತೆಗೆದುಕೊಳ್ಳುವಾಗ ಮೆಲ್ಲಗೆ ಕೇಳಿದಳು: “ಅಂಕಲ್, ಇಂಡಿಯನ್ಸ್ ತಗೊಂಡ್ರು ಅಂತ ಅವಳು ಹೇಳ್ತಾಳೆ. ನಾವು ತಗೊಂಡ್ವಾ?”

“ಬೆಲ್ ಆಯ್ತು ಪುಟ್ಟಿ, ಆಮೇಲೆ ಮಾತಾಡೋಣ” ಅಂದುಬಿಟ್ಟೆ. ಬೆಲ್ ಆಗಿರಲಿಲ್ಲ.

ನನಗೆ ಗೊತ್ತಿಲ್ಲದ ವಿಷಯವೇನಲ್ಲ. 2003ರ ಜನವರಿಯಲ್ಲಿ ನಾನು ಈ ದೇಶಕ್ಕೆ ಬಂದದ್ದೇ ಅಂಥ ಒಬ್ಬರ ಪಕ್ಕದ ಕುರ್ಚಿಯಲ್ಲಿ ಕೂರುವುದಕ್ಕೆ. ಬೆಂಗಳೂರಿನ ಒಂದು ಕಂಪನಿ ನನ್ನನ್ನು ಎಚ್-1ಬಿ ವೀಸಾದ ಮೇಲೆ ಇಲ್ಲಿನ ಒಂದು ವಿಮಾ ಕಂಪನಿಗೆ ಕಳಿಸಿತ್ತು. ಬಂದದ್ದು ಕೆ.ಟಿ. ಮಾಡಿಸಿಕೊಳ್ಳಲು. ಐಟಿಯಲ್ಲಿರುವ ಅಪ್ಪ ಅಮ್ಮಂದಿರಿಗೆ ಈ ಎರಡಕ್ಷರ ವಿವರಿಸಬೇಕಿಲ್ಲ. ಮಕ್ಕಳೇ, ನಿಮಗೆ ಹೇಳುವುದಾದರೆ, ಒಬ್ಬರು ಅಷ್ಟು ವರ್ಷ ಮಾಡಿದ ಕೆಲಸವನ್ನು ಇನ್ನೊಬ್ಬರಿಗೆ ಪೂರ್ತಿ ಕಲಿಸಿಕೊಡುವುದು. ನನಗೆ ಕಲಿಸಿದವರು ಕಲಿಸಿ ಮುಗಿಸಿ ಮನೆಗೆ ಹೋಗಬೇಕಿತ್ತು.

ಅವರಿಗೆ ಆಗ 54 ವರ್ಷ. ಕೋಬಾಲ್‌ನಲ್ಲಿ ಬರೆದ ಕ್ಲೇಮ್ ವ್ಯವಸ್ಥೆಯನ್ನು 22 ವರ್ಷದಿಂದ ನೋಡಿಕೊಂಡಿದ್ದರು. ಯಾವ ಸಾಲು ಯಾಕಿದೆ ಅನ್ನುವುದು ಅವರಿಗೆ ಬಾಯಿಪಾಠ. ಇದು ಒಂದು ಹಿಮಗಾಳಿಯ ವರ್ಷ ಒಂದೇ ಮನೆಗೆ ಎರಡು ಚೆಕ್ ಹೋದಾಗ ಸೇರಿಸಿದ್ದು, ಇದನ್ನು ಮುಟ್ಟಬೇಡ, ಮುಟ್ಟಿದರೆ ತಿಂಗಳ ಕೊನೆಯ ಲೆಕ್ಕ ತಪ್ಪುತ್ತದೆ, ಹೀಗೆ. ಎಂಟು ವಾರ ಏನನ್ನೂ ಮುಚ್ಚಿಡದೆ ಕಲಿಸಿದರು. ಕೆ.ಟಿ. ಮುಗಿಸಿಕೊಟ್ಟರೆ ಮಾತ್ರ ಅವರಿಗೆ ಪರಿಹಾರದ ಹಣ ಅಂತ ನನಗೆ ತಿಳಿದದ್ದು ಐದನೇ ವಾರದಲ್ಲಿ. ಅದನ್ನೂ ಪಕ್ಕದ ಮೇಜಿನವರು ಹೇಳಿದರು, ಅವರಲ್ಲ. ಮೊದಲ ವಾರ ನಾನು ರೂಮ್‌ಮೇಟ್‌ನ ಕಾರಿನ ಗಾಜಿನ ಮೇಲಿದ್ದ ಐಸನ್ನು ಆಫೀಸಿನ ಐಡಿ ಕಾರ್ಡಿನಿಂದ ಕೆರೆಯುತ್ತಿದ್ದದ್ದನ್ನು ನೋಡಿ, ಮರುದಿನ ಐಸ್ ಕೆರೆಯುವ ಉದ್ದ ಹಿಡಿಯ ಬ್ರಷ್ ತಂದುಕೊಟ್ಟಿದ್ದರು. ಅದು ಇವತ್ತಿಗೂ ನಮ್ಮ ಗ್ಯಾರೇಜಿನಲ್ಲಿದೆ.

ನಾನು ಅವರ ಕೆಲಸ ಕಿತ್ತುಕೊಂಡೆನೇ? ನಾನು ವಿಮಾನ ಹತ್ತುವ ಮೊದಲೇ ತೀರ್ಮಾನ ಆಗಿಹೋಗಿತ್ತು. ನಾನು ಒಲ್ಲೆ ಅಂದಿದ್ದರೆ ನನ್ನ ಹಿಂದಿನ ಸೀಟಿನವನು ಬರುತ್ತಿದ್ದ. ಅದು ನಿಜ. ಆ ಸಂಬಳದಿಂದ ಊರಲ್ಲಿ ಅಪ್ಪನ ಸಾಲ ತೀರಿದ್ದೂ ನಿಜ. ಮೊದಲನೆಯದನ್ನು ಜೋರಾಗಿ ಹೇಳಿ ಎರಡನೆಯದನ್ನು ನುಂಗಿಕೊಳ್ಳುವುದು ನಮ್ಮವರ ರೂಢಿ. ನನ್ನದೂ ಅದೇ ಆಗಿತ್ತು.

ಈಗ ಕಾನೂನಿಗೆ ಬರುತ್ತೇನೆ. ಎಚ್-1ಬಿ ಹುಟ್ಟಿದ್ದು 1990ರ ವಲಸೆ ಕಾಯ್ದೆಯಲ್ಲಿ, ವರ್ಷಕ್ಕೆ 65,000 ಮಿತಿಯೊಂದಿಗೆ. ಐಟಿ ಕಂಪನಿಗಳ ಒತ್ತಾಯದಿಂದ 2001ರಿಂದ 2003ರವರೆಗೆ ಅದು 1,95,000ಕ್ಕೆ ಏರಿತ್ತು, ನಾನು ಬಂದದ್ದು ಆ ನೆರೆಯಲ್ಲಿ. ಈಗ ಮತ್ತೆ 65,000, ಜೊತೆಗೆ ಇಲ್ಲಿ ಮಾಸ್ಟರ್ಸ್ ಮಾಡಿದವರಿಗೆ 20,000. “ಅಮೆರಿಕದವರು ಸಿಗದಿದ್ದರೆ ಮಾತ್ರ ಹೊರಗಿನವರನ್ನು ಕರೆಸುತ್ತಾರೆ” ಅಂತ ನಮ್ಮಲ್ಲಿ ಅನೇಕರು ನಂಬಿದ್ದಾರೆ, ಮಕ್ಕಳಿಗೂ ಹಾಗೇ ಹೇಳುತ್ತಾರೆ. ಕಾನೂನಿನಲ್ಲಿ ಹಾಗಿಲ್ಲ. ಇಲ್ಲಿನವರನ್ನು ಮೊದಲು ಹುಡುಕಬೇಕು, ಅವರನ್ನು ತೆಗೆದು ಆ ಜಾಗಕ್ಕೆ ಹಾಕಬಾರದು ಅನ್ನುವ ಷರತ್ತು ಇರುವುದು ಮುಖ್ಯವಾಗಿ ಎಚ್-1ಬಿಯನ್ನೇ ಹೆಚ್ಚು ನೆಚ್ಚಿಕೊಂಡ ಕಂಪನಿಗಳಿಗೆ. ಅವರಿಗೂ ಒಂದು ಕಳ್ಳಗಿಂಡಿ ಇದೆ. ಬರುವವರಿಗೆ 60,000 ಡಾಲರ್ ಸಂಬಳ ಕೊಟ್ಟರೆ, ಅಥವಾ ಅವರಿಗೆ ಮಾಸ್ಟರ್ಸ್ ಪದವಿ ಇದ್ದರೆ, ಆ ಷರತ್ತು ಅನ್ವಯಿಸುವುದಿಲ್ಲ. ಆ 60,000 ನಿಗದಿಯಾದದ್ದು 1998ರಲ್ಲಿ. ಅಲ್ಲಿಂದೀಚೆಗೆ ಹಾಲಿನ ಬೆಲೆ, ಮನೆ ಬಾಡಿಗೆ ಎಲ್ಲ ಬದಲಾಗಿವೆ, ಆ ಅಂಕಿ ಬದಲಾಗಿಲ್ಲ.

ಸಂಬಳದ ನಿಯಮವೂ ಹೀಗೇ. “ಆ ಊರಿನಲ್ಲಿ ನಡೆಯುವ ಸಂಬಳ” ಕೊಡಬೇಕು ಅನ್ನುತ್ತದೆ ಕಾನೂನು. ಮಕ್ಕಳೇ, ಒಂದೇ ಕೆಲಸ ಮಾಡುವ ನೂರು ಜನರನ್ನು ಕಡಿಮೆ ಸಂಬಳದವರಿಂದ ಹೆಚ್ಚಿನವರವರೆಗೆ ಸಾಲಾಗಿ ನಿಲ್ಲಿಸಿ. ನಡೆಯುವ ಸಂಬಳ ಅಂದರೆ ಐವತ್ತನೆಯವರದು ಅಂದುಕೊಳ್ಳುತ್ತೀರಿ, ಅಲ್ಲವೇ? ಒಟ್ಟು ನಾಲ್ಕು ದರ್ಜೆಗಳಿವೆ. ಮೊದಲ ದರ್ಜೆಯಲ್ಲಿ ಹೆಚ್ಚುಕಡಿಮೆ ಹದಿನೇಳನೆಯವರ ಸಂಬಳ ಕೊಟ್ಟರೆ ಸಾಕು, ಎರಡನೆಯದರಲ್ಲಿ ಮೂವತ್ತನಾಲ್ಕನೆಯವರದು.

ಹೀಗಾಗಿ 2014ರ ಅಕ್ಟೋಬರಿನಲ್ಲಿ ಒರ್ಲ್ಯಾಂಡೊದಲ್ಲಿ, ನಾವೆಲ್ಲ ಮಕ್ಕಳನ್ನು ಕರೆದುಕೊಂಡು ಹೋಗುವ ಆ ಡಿಸ್ನಿಯಲ್ಲೇ, ಸುಮಾರು 250 ಐಟಿ ನೌಕರರಿಗೆ ಕೆಲಸ ಮುಗಿಯಿತು ಅಂತ ಹೇಳಿದರು. ಅವರಲ್ಲಿ ಹಲವರು ತಮ್ಮ ಜಾಗಕ್ಕೆ ವೀಸಾದ ಮೇಲೆ ಬಂದವರಿಗೆ ಕಲಿಸಿ ಹೊರಡಬೇಕಾಯಿತು. ಕೆಲವರಿಗೆ ಅಲ್ಲೇ ಬೇರೆ ಕೆಲಸ ಸಿಕ್ಕಿತು. ಇಬ್ಬರು ಕೋರ್ಟಿಗೆ ಹೋದರು, 2016ರಲ್ಲಿ ಅವರ ದಾವೆಗಳು ವಜಾ ಆದವು. ಅದೇ ಹೊತ್ತಿಗೆ ಸದರ್ನ್ ಕ್ಯಾಲಿಫೋರ್ನಿಯಾ ಎಡಿಸನ್ ವಿದ್ಯುತ್ ಕಂಪನಿಯಲ್ಲಿ ಸುಮಾರು 400 ಜನರನ್ನು ತೆಗೆದು ಕೆಲಸವನ್ನು ಇನ್ಫೋಸಿಸ್ ಮತ್ತು ಟಿಸಿಎಸ್‌ಗೆ ವಹಿಸಿದರು. 2017ರ ಫೆಬ್ರವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 49 ಕಾಯಂ ನೌಕರರ ಸರದಿ. ಅದು ಸರ್ಕಾರಿ ವಿಶ್ವವಿದ್ಯಾಲಯ ಅನ್ನುವುದನ್ನು ಗಮನಿಸಿ.

“ಅವರಿಗೆ ಸ್ಕಿಲ್ ಇರಲಿಲ್ಲ, ನಮಗಿತ್ತು” ಅನ್ನುವ ಮಾತು ನಮ್ಮ ಪಾಟ್‌ಲಕ್‌ಗಳಲ್ಲಿ ಕೇಳಿಬರುತ್ತದೆ. ಸ್ಕಿಲ್ ಇಲ್ಲದವರು ನಮಗೆ ಎಂಟು ವಾರ ಪಾಠ ಹೇಳಿದ್ದು ಹೇಗೆ?

ಹಾಗಂತ ಬಂದವರೆಲ್ಲ ಯಾರದೋ ಕುರ್ಚಿಗೇ ಬಂದರು ಅನ್ನುವುದೂ ಸುಳ್ಳು. ಇಲ್ಲೇ ಓದಿ ಹೊಸ ಕೆಲಸಗಳಿಗೆ ಸೇರಿದವರು, ಕಂಪನಿ ಕಟ್ಟಿ ಇಲ್ಲಿನವರಿಗೇ ಕೆಲಸ ಕೊಟ್ಟವರು ನಮ್ಮ ನಡುವೆಯೇ ಇದ್ದಾರೆ. ಜಾನ್ ಬೌಂಡ್, ಗೌರವ್ ಖನ್ನಾ, ನಿಕೊಲಾಸ್ ಮೊರಾಲೆಸ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 1990ರ ದಶಕವನ್ನು ಲೆಕ್ಕಕ್ಕೆ ತೆಗೆದುಕೊಂಡು ನೋಡಿದರು. ಹೊರಗಿನ ಕಂಪ್ಯೂಟರ್ ತಜ್ಞರು ಬಂದಿರದಿದ್ದರೆ 2001ರಲ್ಲಿ ಇಲ್ಲಿನ ತಜ್ಞರ ಸಂಬಳ ಶೇ. 2.6ರಿಂದ 5.1ರಷ್ಟು ಹೆಚ್ಚಿರುತ್ತಿತ್ತು, ಆ ಕೆಲಸದಲ್ಲಿರುವ ಅಮೆರಿಕನ್ನರ ಸಂಖ್ಯೆ ಶೇ. 6.1ರಿಂದ 10.8ರಷ್ಟು ಹೆಚ್ಚಿರುತ್ತಿತ್ತು ಅಂತ ಅವರ ಅಂದಾಜು. ಬಂದದ್ದರಿಂದ ಸಾಮಾನು ಅಗ್ಗವಾಗಿ ಗ್ರಾಹಕರಿಗೆ ಲಾಭ, ಕಂಪನಿಗಳಿಗೆ ಹೆಚ್ಚು ಲಾಭ ಅಂತಲೂ ಅವರೇ ಹೇಳಿದ್ದಾರೆ. ಒಟ್ಟು ದೇಶಕ್ಕೆ ಒಳ್ಳೆಯದಾಗಿರಬಹುದು. ಆದರೆ ನನ್ನ ಪಕ್ಕದ ಕುರ್ಚಿಯವರ ಮನೆಗೆ ಆ ‘ಒಟ್ಟು’ ಬರಲಿಲ್ಲ.

ವೀಸಾದವನ ಕೈಯೂ ಕಟ್ಟಿರುತ್ತದೆ, ಇದು ನಿಮ್ಮಲ್ಲಿ ಹೆಚ್ಚಿನವರಿಗೆ ಅನುಭವದಿಂದ ಗೊತ್ತು. ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಉದ್ಯೋಗದ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000, ಅದರಲ್ಲಿ ಒಂದು ದೇಶದವರಿಗೆ ಶೇ. 7. ಆ ಸಾಲಿನಲ್ಲಿ ನಿಂತವನು ಸಂಬಳ ಸಾಲದು ಅಂತ ಜಗಳ ತೆಗೆಯುವುದಿಲ್ಲ, ಶನಿವಾರ ಬಾ ಅಂದರೆ ಬರುತ್ತಾನೆ. ಅಂಥವನು ಕೈಗೆ ಸಿಗುವಾಗ, ಸಂಜೆ ಐದಕ್ಕೆ ಮಗಳ ಸಾಕರ್ ಆಟಕ್ಕೆ ಹೊರಡುವ ಇಲ್ಲಿನವನು ಮ್ಯಾನೇಜರಿಗೆ ದುಬಾರಿ ಅನಿಸುತ್ತಾನೆ. ನಮ್ಮ ಕೈ ಕಟ್ಟಿದ ಹಗ್ಗದ ಇನ್ನೊಂದು ತುದಿ ಅವನ ಕೊರಳಿಗೂ ಸುತ್ತಿಕೊಂಡಿತ್ತು ಅಂತ ನನಗೆ ಬಹಳ ತಡವಾಗಿ ಹೊಳೆಯಿತು.

ಇನ್ನು, ವೀಸಾ ಅರ್ಧ ಕಥೆ ಮಾತ್ರ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಬೆಂಗಳೂರಿನಲ್ಲಿ ಕಚೇರಿ ತೆರೆದು ಉಪಗ್ರಹದ ಮೂಲಕ ಕೆಲಸ ಸಾಗಿಸಿತು. ನಮ್ಮ ಪ್ರಾಜೆಕ್ಟಿನಲ್ಲಿ ಇಲ್ಲಿಗೆ ಬಂದದ್ದು ನಾನೊಬ್ಬ, ಕಲಿತದ್ದನ್ನು ಫೋನಿನಲ್ಲಿ ಕೇಳಿಸಿಕೊಂಡು ಕೆಲಸ ಮಾಡಿದ್ದು ಅಲ್ಲಿ ಐವರು. ನಾನು ಒಂದು ಕೊಳವೆ, ಅಷ್ಟೆ. ಆ ವರ್ಷಗಳಲ್ಲಿ ಕೆಲಸ ಹೊರದೇಶಕ್ಕೆ ಹೋಗಿ ಬೀದಿಗೆ ಬಿದ್ದವರನ್ನು ಇಲ್ಲಿ ‘ಬ್ಯಾಂಗಲೋರ್ಡ್’ ಅನ್ನುತ್ತಿದ್ದರು. ನಮ್ಮ ಊರಿನ ಹೆಸರು ಇನ್ನೊಬ್ಬರ ಬಾಯಲ್ಲಿ ಶಾಪದ ಹಾಗೆ ಕೇಳಿಸಿದ್ದು ನನಗೆ ಅದೇ ಮೊದಲು.

ಈಗ ನಮ್ಮ ಸರದಿಯೂ ಬಂದಿದೆ. ನಮ್ಮ ಶಾಲೆಯ ಒಬ್ಬ ತಾಯಿಯ ವಿಷಯ ಇದು. ಬರೆಯಿರಿ, ಹೆಸರು ಬೇಡ ಅಂದಿದ್ದಾರೆ. ಸಿಟಿಜನ್ ಆಗಿ ಹನ್ನೊಂದು ವರ್ಷ. ಈ ಬೇಸಿಗೆಯಲ್ಲಿ ಅವರ ಇಡೀ ತಂಡದ ಕೆಲಸ ಕಂಪನಿಯದೇ ಬೆಂಗಳೂರಿನ ಕಚೇರಿಗೆ ಹೋಯಿತು. ಆರು ವಾರ, ರಾತ್ರಿ ಎಂಟೂವರೆಯಿಂದ ಹನ್ನೊಂದರವರೆಗೆ ವಿಡಿಯೊದಲ್ಲಿ ಕೆ.ಟಿ. ಮೂರನೇ ವಾರ ಒಂದು ದಿನ ಮ್ಯೂಟ್ ಮಾಡುವುದನ್ನು ಮರೆತು ಗಂಡನಿಗೆ “ಹಾಲು ಉಕ್ತಾ ಇದೆ ನೋಡ್ರೀ” ಅಂದರಂತೆ. ಆ ಕಡೆಯ ಹುಡುಗಿ “ಮೇಡಂ, ನೀವು ಕನ್ನಡದವ್ರಾ?” ಅಂದಳು. ದಾವಣಗೆರೆಯವಳು. ಅಲ್ಲಿಂದ ಮುಂದೆ ಕೆ.ಟಿ. ಕನ್ನಡದಲ್ಲೇ ನಡೆಯಿತು. ಕೊನೆಯ ದಿನ ಆ ಹುಡುಗಿ, “ಅಕ್ಕಾ, ನಿಮಗೆ ಬೇರೆ ಪ್ರಾಜೆಕ್ಟ್ ಕೊಟ್ಟಿದಾರಲ್ವಾ?” ಅಂತ ಕೇಳಿದಳು. ಇವರು ಹೂಂ ಅಂದರು.

2025ರ ಸೆಪ್ಟೆಂಬರಿನಲ್ಲಿ ಬಂದ ಆದೇಶದಂತೆ, ಹೊರಗಿನಿಂದ ಕರೆಸುವ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ. ಇಲ್ಲಿನ ಕೆಲಸಗಾರರನ್ನು ಕಾಪಾಡುವುದಕ್ಕೆ ಅನ್ನುತ್ತಾರೆ. ಈ ತಾಯಿಗೆ ಅದರಿಂದ ಏನಾಗಬೇಕು? ದಾವಣಗೆರೆಯ ಹುಡುಗಿ ವೀಸಾನೇ ಕೇಳಲಿಲ್ಲವಲ್ಲ.

ಹೋದ ಭಾನುವಾರ ನಮ್ಮ ವಿದ್ಯಾರ್ಥಿನಿಯನ್ನು ಕೂರಿಸಿಕೊಂಡು ಇದನ್ನೆಲ್ಲ ಅವಳಿಗೆ ತಿಳಿಯುವ ಹಾಗೆ ಹೇಳಿದೆ. ಬ್ರಷ್ಷಿನ ಕಥೆಯನ್ನೂ ಹೇಳಿದೆ. ನಿನ್ನ ಗೆಳತಿಯ ಅಪ್ಪನದು ಯಾವ ಬಗೆಯದೋ ನನಗೆ ಗೊತ್ತಿಲ್ಲ, ಅವಳ ಸಿಟ್ಟು ಮಾತ್ರ ಸುಳ್ಳಲ್ಲ, ವಾದ ಮಾಡಲು ಹೋಗಬೇಡ ಅಂದೆ. ಅವಳು ಹಳೆಯ ವಾಕ್ಯ ತೆಗೆದು ನೋಡಿದಳು. “ಇದರಲ್ಲಿ ಕರ್ತೃ ಕೆಲಸ ಅಲ್ವಾ ಅಂಕಲ್? ಕೆಲಸ ತಾನೇ ಹೋಗತ್ತಾ?” ಅಂದಳು. ಕೆಳಗೆ ಹೊಸದೊಂದು ಬರೆದಳು: “ಕಂಪನಿಯವರು ನನ್ನ ಗೆಳತಿಯ ಅಪ್ಪನನು ಕೆಲಸದಿಂದ ತೆಗೆದರು.” ‘ಅಪ್ಪನನ್ನು’ ಅಂತ ತಿದ್ದಿದೆ. ಒತ್ತಕ್ಷರ ಇನ್ನೂ ಕಷ್ಟ ಅವಳಿಗೆ.

ಕೊನೆಯದಾಗಿ ಪೋಷಕರಿಗೆ. ಈ ವರ್ಷ ಕೆಲಸ ಕಳೆದುಕೊಂಡವರು ನಮ್ಮಲ್ಲಿ ಮೂರು ಮನೆ ಅಂತ ನನಗೆ ಗೊತ್ತು, ಹೇಳಿಕೊಳ್ಳದವರು ಇನ್ನೂ ಇರಬಹುದು. ಮುಂದಿನ ತಿಂಗಳ ಮೊದಲ ಭಾನುವಾರ, ಮಕ್ಕಳ ತರಗತಿ ನಡೆಯುವ ಹೊತ್ತಿಗೆ, ಗ್ರಂಥಾಲಯದ ಪಕ್ಕದ ಕೋಣೆಯಲ್ಲಿ ಕೂರೋಣ. 60 ದಿನದ ಲೆಕ್ಕ, ನಿರುದ್ಯೋಗ ಭತ್ಯೆ, ಆರೋಗ್ಯ ವಿಮೆ ಇವುಗಳನ್ನು ಈಗಾಗಲೇ ಹಾದು ಬಂದ ಇಬ್ಬರು ಇರುತ್ತಾರೆ. ಆ ತಾಯಿಯೂ ಬರುತ್ತೇನೆ ಅಂದಿದ್ದಾರೆ. ಫಿಲ್ಟರ್ ಕಾಫಿ ನನ್ನದು, ಲೋಟ ಮಾತ್ರ ನೀವೇ ತನ್ನಿ.